ಆಗುಂಬೆ ಸೀಮೆಯ ಕೇಳುಗರು

ಆಗುಂಬೆಯಲ್ಲಿ ಕ್ಯಾಸೆಟ್ಟಿಗೂ ಬೂಷ್ಟು ಹಿಡಿಯುತ್ತಿತ್ತು. ಜೂನ್ ಮೊದಲ ವಾರ ಕಚ್ಚಿಕೊಂಡ ಮಳೆ ಆಗಸ್ಟ್ ಮುಗಿಯುವವರೆಗೂ ಬಿಡದೆ ಹೊಡೆದರೆ ಟೇಪಿನ ಸುರುಳಿಯ ಅಂಚಿನ ಮೇಲೆ ಬಿಳಿ ಪುಡಿ ಏಳುತ್ತಿತ್ತು. ಅದನ್ನು ಹಾಗೇ ಹಾಕಿ ನುಡಿಸಿದರೆ ಪುಡಿ ಹೆಡ್ಡಿಗೆ ಮೆತ್ತಿಕೊಂಡು, ಹಾಡುವವರು ಕಂಬಳಿಯೊಳಗಿಂದ ಹಾಡಿದಂತೆ ಕೇಳುತ್ತಿತ್ತು. ಸಮುದ್ರಮಟ್ಟದಿಂದ ಸುಮಾರು 640 ಮೀಟರ್ ಎತ್ತರದಲ್ಲಿ ಘಟ್ಟದ ಅಂಚಿಗೆ ಕೂತಿರುವ ಊರು, ವರ್ಷಕ್ಕೆ 7,000 ಮಿಲಿಮೀಟರಿಗೂ ಮೇಲೆ ಮಳೆ. ಅಲ್ಲಿ ಬಟ್ಟೆ ಒಣಗದು, ಬೆಂಕಿಪೊಟ್ಟಣ ಹತ್ತದು, ಇನ್ನು ಕಾಲಂಗುಲ ಅಗಲವೂ ಇಲ್ಲದ ತೆಳ್ಳನೆ ಟೇಪು ಉಳಿಯುವುದು ಹೇಗೆ? ಆದರೂ ಜನ ಉಳಿಸಿಕೊಂಡರು. ಅಕ್ಕಿ ಡಬ್ಬದೊಳಗೆ ಹುಗಿದಿಟ್ಟರು, ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ತಾಗುವಲ್ಲಿ ಇಟ್ಟರು. ತೀರ್ಥಹಳ್ಳಿಯಲ್ಲಿ ನಾನು ರೇಡಿಯೊ, ಟೇಪ್ ರೆಕಾರ್ಡರು ರಿಪೇರಿ ಮಾಡುತ್ತ, ಜೊತೆಗೆ ಹಾಡು ತುಂಬಿಕೊಡುತ್ತ ಕೂತಿದ್ದ ಕಾಲದಲ್ಲಿ ಕೌಂಟರಿನ ಮೇಲೆ ಬಂದು ಬೀಳುತ್ತಿದ್ದ ಕ್ಯಾಸೆಟ್ಟನ್ನು ಮೂಸಿದರೇ ಹೇಳಬಹುದಿತ್ತು, ಇದು ಆಗುಂಬೆ ಕಡೆಯದ್ದೋ ಪೇಟೆಯದ್ದೋ ಎಂದು. ಹೊಗೆಯ ವಾಸನೆ ಇದ್ದರೆ ಅದನ್ನು ಯಾರೋ ಮನಸ್ಸಿಟ್ಟು ಕಾಪಾಡಿದ್ದಾರೆ ಎಂದರ್ಥ.

ಹಾಡಿದವರ ಚರಿತ್ರೆ ಬರೆದವರಿದ್ದಾರೆ, ರಾಗ ಹಾಕಿದವರದ್ದೂ ಇದೆ. ಕೇಳಿದವರದ್ದನ್ನು ಯಾರೂ ಅಷ್ಟಾಗಿ ಬರೆದಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕು ಕವಿಗಳನ್ನು ಕೊಟ್ಟಿವೆ, ಗಾಯಕರನ್ನು ಕೊಟ್ಟಿವೆ, ನಾಟಕದವರನ್ನು ಕೊಟ್ಟಿವೆ. ಅದೆಲ್ಲಕ್ಕೂ ಅಡಿಯಲ್ಲಿ ಒಂದು ಕೇಳುವ ಪದ್ಧತಿ ಇತ್ತು ಎಂಬುದು ನನ್ನ ಗಟ್ಟಿ ನಂಬಿಕೆ. ನಾಲ್ಕು ತಿಂಗಳು ಹೊರಗೆ ಕಾಲಿಡಲಾಗದ ಊರಿನಲ್ಲಿ ಜನ ಕೂತು ಕೇಳುವುದನ್ನು ಒಂದು ಕಸುಬಿನಷ್ಟೇ ಶ್ರದ್ಧೆಯಿಂದ ಕಲಿತರು. ಮುಂದೆ ಎಲ್ಲೆಲ್ಲಿಯದೋ ಸಂಗೀತ ನಮ್ಮ ಬಾಗಿಲಿಗೆ ಬಂದಾಗ, ಅಮೆರಿಕದ ಹತ್ತಿ ಹೊಲದ ಗಿಟಾರೂ ಬಂದಾಗ, ಇಲ್ಲಿನ ಕಿವಿ ಅದಕ್ಕೆ ಬೇಗ ಒಗ್ಗಿದ್ದು ಆ ಕಲಿಕೆಯಿಂದಲೇ.

ಯಂತ್ರಗಳು ಬರುವ ಮೊದಲಿನ ಮಾತು ಸ್ವಲ್ಪ ಹೇಳಬೇಕು. ಬೇಸಗೆಯಲ್ಲಿ ಬಯಲಾಟ, ಮಳೆಗಾಲದಲ್ಲಿ ತಾಳಮದ್ದಲೆ. ಬಣ್ಣ ಇಲ್ಲ, ಗೆಜ್ಜೆ ಇಲ್ಲ, ಕುಣಿತ ಇಲ್ಲ. ಜಗಲಿಯ ಮೇಲೆ ಚಾಪೆ ಹಾಸಿ ಭಾಗವತರು, ಮದ್ದಲೆಯವರು, ಎದುರುಬದುರಾಗಿ ಅರ್ಥಧಾರಿಗಳು. ನೋಡಲಿಕ್ಕೆ ಏನೂ ಇಲ್ಲದ ಕಲೆ ಅದು, ಇಡೀ ಆಟ ಕಿವಿಯ ಮೇಲೇ ನಿಂತಿದೆ. ಸೂರಿನ ಮೇಲೆ ಮಳೆ ಬಡಿಯುವಾಗ ಭಾಗವತರ ಪದ ಮೇಲೇಳಬೇಕು, ಕೇಳುವವನೂ ಮಳೆಯನ್ನು ಬದಿಗೆ ಸರಿಸಿ ಪದವನ್ನಷ್ಟೇ ಹಿಡಿಯಬೇಕು. ಚಪ್ಪಾಳೆ ತಟ್ಟುವ ರೂಢಿ ಇಲ್ಲ. ಒಳ್ಳೆಯ ಮಾತು ಬಂದಾಗ ಹಿರಿಯರೊಬ್ಬರು ಎಲೆ ಮಡಚುವ ಕೈ ನಿಲ್ಲಿಸುತ್ತಾರೆ, ಅಷ್ಟೇ. ಅರ್ಥಧಾರಿಗೆ ಅದು ಗೊತ್ತಾಗುತ್ತದೆ.

ದೀಪಾವಳಿ ರಾತ್ರಿಗಳಲ್ಲಿ ಅಂಟಿಗೆ ಪಂಟಿಗೆಯವರು ಬರುತ್ತಿದ್ದರು, ಈಗಲೂ ಕೆಲವೆಡೆ ಬರುತ್ತಾರೆ. ಆರದಂತೆ ಕಾಪಾಡಿದ ದೀಪ ಹಿಡಿದು ಕತ್ತಲೆಯಲ್ಲಿ ಮನೆಯಿಂದ ಮನೆಗೆ ನಡೆಯುತ್ತಾರೆ. ಮುಂದಾಳು ಒಂದು ಸಾಲು ಎತ್ತಿಕೊಟ್ಟರೆ ಹಿಂದಿನವರು ಅದನ್ನೇ ಎಳೆದು ತಿರುಗಿ ಹಾಡುತ್ತಾರೆ. ಮನೆಯವರು ಬಾಗಿಲು ತೆಗೆದು ದೀಪಕ್ಕೆ ಎಣ್ಣೆ ಎರೆದು ಅಕ್ಕಿ, ಅಡಿಕೆ, ಕಾಸು ಕೊಡುತ್ತಾರೆ. ಮೂರನೆಯದು ಅಡಿಕೆ ಸುಲಿತ. ಕೊಯ್ಲಿನ ದಿನಗಳಲ್ಲಿ ನೆರೆಹೊರೆಯವರು ಒಂದು ಮನೆಯಲ್ಲಿ ಸೇರಿ, ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕೂತು, ನಡುರಾತ್ರಿ ಕಳೆದರೂ ಏಳದೆ ಸುಲಿಯುತ್ತಿದ್ದರು. ಕೈ ತನ್ನ ಪಾಡಿಗೆ ಕೆಲಸ ಮಾಡುತ್ತದೆ, ಕಣ್ಣು ಕತ್ತಿಯ ಮೇಲಿರುತ್ತದೆ, ಕಿವಿ ಮಾತ್ರ ಬಿಡುವಾಗಿರುತ್ತದೆ. ಆ ಬಿಡುವಿಗೆ ಮೊದಲು ಕಥೆ ಬಂತು, ಹಾಡು ಬಂತು, ಆಮೇಲೆ ಟ್ರಾನ್ಸಿಸ್ಟರು ಬಂತು. ನನ್ನ ಗಿರಾಕಿಗಳಲ್ಲಿ ಬಹುಪಾಲು ಜನ ಹಾಡು ಕೇಳುವುದನ್ನು ಕಲಿತದ್ದು ಈ ಸುಲಿತದ ರಾತ್ರಿಗಳಲ್ಲಿ. ನಾನೂ ಅಲ್ಲೇ ಕಲಿತವನು.

ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಬಾನುಲಿ ಶುರುಮಾಡಿದ್ದು 1935ರಲ್ಲಿ. ಧಾರವಾಡ ಕೇಂದ್ರ ಹುಟ್ಟಿದ್ದು 1950ರಲ್ಲಿ. ನಮ್ಮ ಸೀಮೆಗೆ ರೇಡಿಯೊ ನಿಜವಾಗಿ ನಮ್ಮದಾದದ್ದು ಮಾತ್ರ 1965ರಲ್ಲಿ ಭದ್ರಾವತಿ ಆಕಾಶವಾಣಿ ಬಂದ ಮೇಲೆ. 675 ಕಿಲೊಹರ್ಟ್ಸ್. ರಿಪೇರಿಗೆ ಬಂದ ಸೆಟ್ಟಿನ ಮುಳ್ಳು ಎಲ್ಲಿ ನಿಂತಿದೆ ಎಂದು ನೋಡಿದರೆ ಮನೆಯವರ ಅಭಿರುಚಿ ತಿಳಿಯುತ್ತಿತ್ತು. ತೀರ್ಥಹಳ್ಳಿ ಕಡೆಯ ಸೆಟ್ಟುಗಳಲ್ಲಿ ಮುಳ್ಳು ಭದ್ರಾವತಿಯಲ್ಲಿ. ಸಾಗರದ ಕಡೆಯವರು ಕೆಲವರು ಧಾರವಾಡಕ್ಕೆ, 765ಕ್ಕೆ ತಿರುಗಿಸಿ ಹಿಂದುಸ್ತಾನಿ ಕೇಳುವವರು. ಆಗುಂಬೆಯ ಅಂಚಿನವರಿಗೆ ಇನ್ನೊಂದು ಭಾಗ್ಯವಿತ್ತು. 1976ರ ಕೊನೆಯಲ್ಲಿ ಮಂಗಳೂರು ಆಕಾಶವಾಣಿ ಶುರುವಾಯಿತು. ಅದರ ಪ್ರಸಾರದ ಕಂಬ ಇರುವುದು ಬ್ರಹ್ಮಾವರದಲ್ಲಿ, ಘಟ್ಟದ ನೇರ ಕೆಳಗೆ. 1089ಕ್ಕೆ ತಿರುಗಿಸಿದರೆ ಯಕ್ಷಗಾನ ಪಕ್ಕದ ಮನೆಯಲ್ಲೇ ನಡೆದಷ್ಟು ಸ್ಪಷ್ಟ.

ಆಗ ರೇಡಿಯೊ ಇಟ್ಟುಕೊಳ್ಳಲು ಲೈಸೆನ್ಸ್ ಬೇಕಿತ್ತು. ಪೋಸ್ಟಾಫೀಸಿನಲ್ಲಿ ಶುಲ್ಕ ಕಟ್ಟಿ ಪುಸ್ತಕಕ್ಕೆ ಮುದ್ರೆ ಹಾಕಿಸಬೇಕು. ಅದೇ ಪೋಸ್ಟಾಫೀಸಿನಿಂದ ಕಾರ್ಡು ಕೊಂಡು ಮೆಚ್ಚಿನ ಹಾಡಿಗೆ ಕೋರಿಕೆ ಬರೆಯುವುದು. ಉದ್ಘೋಷಕರು ಹಾಡಿಗೆ ಮೊದಲು ಕೋರಿದವರ ಹೆಸರು, ಊರು ಓದುತ್ತಿದ್ದರು. ಮೇಗರವಳ್ಳಿ, ಗುಡ್ಡೇಕೇರಿ, ನಗರ, ಯಡೂರು, ಆನಂದಪುರ ಎಂದು ರೇಡಿಯೊದಲ್ಲಿ ಕೇಳಿದಾಗ ಆ ಊರುಗಳಿಗೆ ಒಂದು ಗೌರವ ಬಂದಂತಾಗುತ್ತಿತ್ತು. ಆ ಕಾರ್ಡುಗಳನ್ನು ನಾನು ದೊಡ್ಡ ದಾಖಲೆ ಎಂದೇ ಭಾವಿಸುತ್ತೇನೆ. ಹದಿನೈದು ಪೈಸೆಯ ಕಾರ್ಡಿನಲ್ಲಿ ಒಬ್ಬ ತೋಟದ ಕೆಲಸಗಾರ, ಒಬ್ಬ ಟೈಲರಿಂಗ್ ಕಲಿಯುವ ಹುಡುಗಿ, ಯಾವ ಹಾಡು ತಮ್ಮ ಮನಸ್ಸಿಗೆ ಬೇಕು ಎಂದು ತಾವೇ ಯೋಚಿಸಿ ಬರೆದದ್ದು. ಯಾರೂ ಕೇಳದೆ ಕೊಟ್ಟ ಮೆಚ್ಚುಗೆ.

ಆ ಹಾಡುಗಳ ಸಾಲಿನಲ್ಲಿ ಮೊದಲು ಪಿ. ಕಾಳಿಂಗರಾಯರು. 1914ರಲ್ಲಿ ಘಟ್ಟದ ಕೆಳಗಿನ ಆರೂರಿನಲ್ಲಿ ಹುಟ್ಟಿದವರು, ಯಕ್ಷಗಾನದ ಮನೆತನದಿಂದ ಬಂದವರು. ಕನ್ನಡದ ಕವಿತೆಯನ್ನು ಪುಸ್ತಕದಿಂದ ಎತ್ತಿ ಜನರ ಬಾಯಿಗೆ ತಂದವರಲ್ಲಿ ಅವರೇ ಮೊದಲಿಗರು. ಅವರ ಗ್ರಾಮಫೋನ್ ತಟ್ಟೆಗಳು ತೀರ್ಥಹಳ್ಳಿ ಸುತ್ತಿನ ದೊಡ್ಡ ಮನೆಗಳಲ್ಲಿ ಇದ್ದವು. ಚಾವಿ ಕೊಡುವ ಪೆಟ್ಟಿಗೆಯೂ ಇತ್ತು. ಸ್ಪ್ರಿಂಗು ಮುರಿದು ನನ್ನ ಬಳಿ ಬಂದ ಒಂದೆರಡಕ್ಕೆ ನಾನು ಜೀವ ಕೊಟ್ಟಿದ್ದೇನೆ.

ಕಾಳಿಂಗರಾಯರ ನಂತರ ನಮ್ಮವರೇ ಆದ ಶಿವಮೊಗ್ಗ ಸುಬ್ಬಣ್ಣ. ಹೆಸರು ಶಿವಮೊಗ್ಗದ್ದಾದರೂ 1938ರಲ್ಲಿ ಹುಟ್ಟಿದ್ದು ಹೊಸನಗರ ತಾಲ್ಲೂಕಿನ ನಗರದಲ್ಲಿ, ಬಿದನೂರು ಕೋಟೆಯ ಊರಿನಲ್ಲಿ. ವಕೀಲಿ ಓದಿದವರು. ಚಂದ್ರಶೇಖರ ಕಂಬಾರರು ನಿರ್ದೇಶಿಸಿದ ‘ಕಾಡು ಕುದುರೆ’ ಚಿತ್ರಕ್ಕೆ ಹಾಡಿದ ಹಾಡಿಗೆ 1978ರ ಸಾಲಿನ ರಾಷ್ಟ್ರಪ್ರಶಸ್ತಿ ಬಂತು. ಕನ್ನಡದ ಹಿನ್ನೆಲೆ ಗಾಯಕರೊಬ್ಬರಿಗೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ಅವರ ಧ್ವನಿಯಲ್ಲಿ ನಯಕ್ಕಿಂತ ಎದೆಗಾರಿಕೆ ಹೆಚ್ಚು. ಮೇಲಿನ ಸ್ವರಕ್ಕೆ ಹೋಗುವಾಗ ಧ್ವನಿ ಸ್ವಲ್ಪ ಬಿರಿಯುತ್ತದೆ, ಆ ಬಿರುಕಿನಲ್ಲೇ ಹಾಡು ನಮ್ಮನ್ನು ತಾಗುತ್ತದೆ. ನನ್ನ ಅಂಗಡಿಗೆ ಬರುತ್ತಿದ್ದವರು ಇದನ್ನು ಹೀಗೆ ಬಿಡಿಸಿ ಹೇಳುತ್ತಿರಲಿಲ್ಲ. “ಸುಬ್ಬಣ್ಣಂದು ಜಾಸ್ತಿ ಹಾಕಿ” ಎನ್ನುತ್ತಿದ್ದರು.

ಹಾಕುವುದು ಎಂದರೆ ತುಂಬಿಕೊಡುವುದು. ಈ ಕಸುಬಿನ ಬಗ್ಗೆ ವಿವರವಾಗಿ ಬರೆಯಬೇಕು, ಯಾಕೆಂದರೆ ಅದು ಪೂರ್ತಿ ಅಳಿದುಹೋಗಿದೆ. ಫಿಲಿಪ್ಸ್ ಕಂಪನಿ ಕ್ಯಾಸೆಟ್ಟನ್ನು ಮೊದಲು ತೋರಿಸಿದ್ದು 1963ರಲ್ಲಿ. ನಮ್ಮ ಕಡೆ ಅದು ಹಬ್ಬಿದ್ದು ಎಪ್ಪತ್ತರ ದಶಕದ ಕೊನೆಗೆ. 1978ರಲ್ಲಿ ಮೈಸೂರು ಅನಂತಸ್ವಾಮಿಯವರು ಕೆ.ಎಸ್. ನಿಸಾರ್ ಅಹಮದರ ಕವಿತೆಗಳಿಗೆ ರಾಗ ಹಾಕಿ ತಂದ ‘ನಿತ್ಯೋತ್ಸವ’ವನ್ನು ಕನ್ನಡ ಭಾವಗೀತೆಯ ಮೊದಲ ಕ್ಯಾಸೆಟ್ಟು ಎನ್ನುತ್ತಾರೆ. ನಿಸಾರರು ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ ಭೂವಿಜ್ಞಾನದ ಮೇಷ್ಟರಾಗಿದ್ದವರು. ಅವರ ಶೀರ್ಷಿಕೆ ಕವಿತೆಯೊಳಗೆ ನಮ್ಮ ಜೋಗವೂ ತುಂಗೆಯೂ ಇದ್ದವು. ಆ ಕ್ಯಾಸೆಟ್ಟು ಮನೆಗೆ ಬಂದಾಗ ಜನ ತಮ್ಮ ಊರಿನ ಹೆಸರನ್ನೇ ಕೊಂಡುಕೊಂಡಂತೆ ಕೊಂಡರು.

ಅಸಲಿ ಕ್ಯಾಸೆಟ್ಟು ಎಲ್ಲರಿಗೂ ಎಟಕುತ್ತಿರಲಿಲ್ಲ. ಹಾಗಾಗಿ ಖಾಲಿ ಕ್ಯಾಸೆಟ್ಟೂ ಒಂದು ಪಟ್ಟಿಯೂ ಹಿಡಿದು ಬರುತ್ತಿದ್ದರು. ಕಾನೂನಿನ ಲೆಕ್ಕದಲ್ಲಿ ಅದು ಸರಿಯಾದ ಕೆಲಸವಾಗಿರಲಿಲ್ಲ. ಹಾಡಿದವರಿಗೆ, ಬರೆದವರಿಗೆ ಅದರಿಂದ ಕಾಸು ಹೋಗುತ್ತಿರಲಿಲ್ಲ. ಊರೂರಲ್ಲಿ ಇಂಥ ಅಂಗಡಿಗಳಿದ್ದವು ಎಂಬುದು ಅದನ್ನು ಸರಿ ಮಾಡುವುದಿಲ್ಲ. ಆದರೆ ಆ ಪಟ್ಟಿಗಳು! ಅರವತ್ತು ನಿಮಿಷದ ಕ್ಯಾಸೆಟ್ಟಿನಲ್ಲಿ ಹತ್ತಿರಹತ್ತಿರ 90 ಮೀಟರ್ ಟೇಪು, ಒಂದು ಬದಿಗೆ ಮೂವತ್ತು ನಿಮಿಷ, ಆರೋ ಏಳೋ ಹಾಡು. ಅಷ್ಟರೊಳಗೆ ತನ್ನ ಲೋಕವನ್ನೆಲ್ಲ ಹಿಡಿಸಬೇಕು. ಯಾವುದು ಮೊದಲು, ಯಾವುದು ಕೊನೆಗೆ, ಬದಿ ತಿರುಗಿಸಿದಾಗ ಯಾವುದು ಎತ್ತಿಕೊಳ್ಳಬೇಕು ಎಂದು ಜನ ಎಷ್ಟು ಯೋಚನೆ ಮಾಡುತ್ತಿದ್ದರು ಎಂಬುದು ಪಟ್ಟಿಯಲ್ಲಿ ಹೊಡೆದು ತಿದ್ದಿದ ಗೆರೆಗಳಲ್ಲಿ ಕಾಣುತ್ತಿತ್ತು.

ಕೋಣಂದೂರು ಕಡೆಯ ಒಬ್ಬ ಅಮ್ಮ ತಂದಿದ್ದ ಪಟ್ಟಿ ನನ್ನ ಕಣ್ಣ ಮುಂದಿದೆ. ಶಾಲೆಯ ಬರಹಪುಸ್ತಕದ ಹಾಳೆ, ನೀಲಿ ಶಾಯಿ, ದುಂಡು ಅಕ್ಷರ. ಮೊದಲ ಬದಿಗೆ ಎಲ್ಲ ಕುವೆಂಪು ಗೀತೆಗಳು. ಎರಡನೆಯ ಬದಿಗೆ ಮೈಸೂರು ಮಲ್ಲಿಗೆಯದ್ದು ಮೂರು, ಶರೀಫರದ್ದು ಎರಡು, ಕೊನೆಯಲ್ಲಿ ಒಂದು ಚಿತ್ರಗೀತೆ. ಆ ಚಿತ್ರಗೀತೆಯ ಮುಂದೆ ಆವರಣದಲ್ಲಿ ಬರೆದಿದ್ದರು: ‘ಜಾಗ ಉಳಿದರೆ’. ಜಾಗ ಉಳಿಯಲಿಲ್ಲ, ಒಂದು ಶರೀಫರ ಪದ ಉದ್ದವಿತ್ತು. “ಅಮ್ಮ, ಕೊನೇದು ಅರ್ಧಕ್ಕೆ ನಿಲ್ತದೆ, ಹಾಕ್ಲಾ ಬೇಡ್ವಾ?” ಎಂದು ಕೇಳಿದೆ. “ಅರ್ಧ ಆದ್ರೂ ಇರ್ಲಿ ಮಾರಾಯ, ಉಳಿದದ್ದು ನಾನೇ ಹೇಳ್ಕಳ್ತೆ” ಎಂದರು. ಎರಡು ವರ್ಷ ಬಿಟ್ಟು ಅದೇ ಕ್ಯಾಸೆಟ್ಟು ಬೂಷ್ಟು ಹಿಡಿದು ವಾಪಸು ಬಂತು. ಚಿಪ್ಪಿನ ಸ್ಕ್ರೂ ಬಿಚ್ಚಿ, ಟೇಪನ್ನು ಮೆತ್ತನೆ ಬಟ್ಟೆಯ ನಡುವೆ ಹಾಯಿಸಿ, ಹೆಡ್ಡಿಗೆ ಸ್ಪಿರಿಟ್ ಹಚ್ಚಿ ಒರೆಸಿ, ಮತ್ತೆ ಸುತ್ತಿ ಕೊಟ್ಟೆ. ಎಲ್ಲಿ ಹೆಚ್ಚು ಸವೆದಿತ್ತು ಗೊತ್ತೇ? ಎರಡನೆಯ ಬದಿಯ ಕೊನೆ. ಆ ಅರ್ಧ ಹಾಡನ್ನು ಅವರು ಉಳಿದೆಲ್ಲಕ್ಕಿಂತ ಹೆಚ್ಚು ಸಲ ಕೇಳಿದ್ದರು.

ಟೇಪು ಹೀಗೆ ಕೇಳುಗನ ಗುರುತು ಉಳಿಸಿಕೊಳ್ಳುತ್ತದೆ. ಹಿಂದಕ್ಕೆ ಸುತ್ತಿ ಸುತ್ತಿ ಕೇಳಿದ ಜಾಗದಲ್ಲಿ ಅದು ಸ್ವಲ್ಪ ಹಿಗ್ಗಿರುತ್ತದೆ, ಸ್ವರ ನಡುಗುತ್ತದೆ. ಈಗಿನ ಫೋನಿನ ಹಾಡು ಸಾವಿರ ಸಲ ಕೇಳಿದರೂ ಹಾಗೇ ಇರುತ್ತದೆ, ಅದು ಅನುಕೂಲವೇ. ನನ್ನಂಥವನಿಗೆ ಮಾತ್ರ ಅದರಿಂದ ಏನೂ ಓದಲಾಗುವುದಿಲ್ಲ.

ಎಂಬತ್ತರ ದಶಕದಲ್ಲಿ ನನ್ನ ಅಂಗಡಿಯಲ್ಲಿ ಅತಿ ಹೆಚ್ಚು ಸವೆದವು ಎರಡು. ಒಂದು ಶಿಶುನಾಳ ಶರೀಫರ ಪದಗಳು, ಇನ್ನೊಂದು ಗುಂಡ್ಮಿ ಕಾಳಿಂಗ ನಾವಡರ ಯಕ್ಷಗಾನ. ಶರೀಫರು 1819ರಿಂದ 1889ರವರೆಗೆ ಬದುಕಿದವರು, ಈಗಿನ ಹಾವೇರಿ ಜಿಲ್ಲೆಯ ಶಿಶುವಿನಹಾಳದವರು. ಅವರ ಪದಗಳನ್ನು ಶಿವಮೊಗ್ಗದವರೇ ಆದ ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರು ಮುಂದೆ ತಂದರು, ಸಿ. ಅಶ್ವತ್ಥ್ ರಾಗ ಹಾಕಿದರು, ಅಶ್ವತ್ಥರ ಜೊತೆ ಸುಬ್ಬಣ್ಣನವರೂ ಹಾಡಿದರು. ಬಯಲುಸೀಮೆಯ ಆಡುಮಾತಿನ ಪದಗಳು ಮಲೆನಾಡಿನ ಒಳಮನೆಯಲ್ಲಿ ಯಾಕೆ ಇಷ್ಟು ಬೇರು ಬಿಟ್ಟವು? ಸೋರುವ ಮಾಳಿಗೆಯ ಪದ ಒಂದಿದೆಯಲ್ಲ, ಅದನ್ನು ಆಗುಂಬೆಯವರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಮನೆ ಸೋರುವ ಕಷ್ಟ ಅವರಿಗೆ ಮೈಗೆ ಗೊತ್ತು, ಆಮೇಲೆ ಆ ಮನೆ ಯಾವುದು ಎಂಬ ಯೋಚನೆ ತಾನಾಗಿ ಬರುತ್ತದೆ. ಬಡತನ, ಸಾವು, ಮೋಸಹೋಗುವ ಮನಸ್ಸು ಎಲ್ಲವನ್ನೂ ಹೇಳಿ, ಅಳದೆ, ತಾಳ ಹಾಕಿ ಹಾಡುವ ಧೈರ್ಯ ಆ ಪದಗಳಲ್ಲಿದೆ.

ನಾವಡರದ್ದು ಬೇರೆ. 1958ರಲ್ಲಿ ಹುಟ್ಟಿ 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅಷ್ಟು ಚಿಕ್ಕ ಬದುಕಿನಲ್ಲಿ ಬಡಗುತಿಟ್ಟಿನ ಹಾಡುಗಾರಿಕೆಯ ದಾರಿಯನ್ನೇ ತಿರುಗಿಸಿದರು. ಅವರು ಹೋದ ವರ್ಷ ಅವರ ಕ್ಯಾಸೆಟ್ಟು ತುಂಬಿಸಿಕೊಳ್ಳಲು ಬಂದವರಿಗೆ ಲೆಕ್ಕವಿಲ್ಲ. ಅದೇ ವರ್ಷ ಸೆಪ್ಟೆಂಬರ್ 30ರಂದು ಶಂಕರ್ ನಾಗ್ ಕೂಡ ರಸ್ತೆಯಲ್ಲೇ ಹೋದರು. ಅದೇ 1990ರಲ್ಲಿ ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಬಂತು. ಆ ವರ್ಷದ ಪಟ್ಟಿಗಳಲ್ಲಿ ದುಃಖ ಎದ್ದು ಕಾಣುತ್ತಿತ್ತು.

ಶಂಕರ್ ನಾಗ್ ಎಂದರೆ ಆಗುಂಬೆಯವರಿಗೆ ಮನೆಯ ಹುಡುಗ. ಆರ್.ಕೆ. ನಾರಾಯಣರ ಕಥೆಗಳನ್ನು ದೂರದರ್ಶನಕ್ಕಾಗಿ ‘ಮಾಲ್ಗುಡಿ ಡೇಸ್’ ಆಗಿ ಇಲ್ಲೇ ಚಿತ್ರಿಸಿದರು, ಊರಿನ ದೊಡ್ಡಮನೆಯ ಜಗಲಿಯನ್ನೇ ಮಾಲ್ಗುಡಿಯ ಮನೆ ಮಾಡಿದರು, ಊರಿನ ಮಕ್ಕಳನ್ನೂ ಮುದುಕರನ್ನೂ ಕ್ಯಾಮೆರಾದ ಮುಂದೆ ನಿಲ್ಲಿಸಿದರು. ಅದರ ಸಂಗೀತ ಎಲ್. ವೈದ್ಯನಾಥನ್ ಅವರದ್ದು. ಆ ಶೀರ್ಷಿಕೆ ರಾಗದಲ್ಲಿ ಮಾತೇ ಇಲ್ಲ, ಬರೀ ತಾನನ. ದೇಶಕ್ಕೆಲ್ಲ ಅದು ಆಗುಂಬೆಯ ರಾಗವಾಯಿತು. ವೈದ್ಯನಾಥನ್‌ರ ತಮ್ಮ ಪಿಟೀಲು ವಿದ್ವಾಂಸ ಎಲ್. ಶಂಕರ್, ಎಪ್ಪತ್ತರ ದಶಕದಲ್ಲಿ ಗಿಟಾರಿನ ಜಾನ್ ಮೆಕ್‌ಲಾಫ್ಲಿನ್, ತಬಲಾದ ಜಾಕಿರ್ ಹುಸೇನ್, ಘಟದ ವಿಕ್ಕು ವಿನಾಯಕರಾಮ್ ಜೊತೆ ‘ಶಕ್ತಿ’ ತಂಡದಲ್ಲಿ ನುಡಿಸಿದವರು. ಜಾಝಿನ ಗಿಟಾರಿಗೂ ಕರ್ನಾಟಕ ಸಂಗೀತಕ್ಕೂ ಅಷ್ಟು ಹೊತ್ತಿಗೇ ಬಳಕೆಯಾಗಿತ್ತು, ಅದೂ ಒಂದೇ ಮನೆಯವರ ಮೂಲಕ.

ಗಿಟಾರು ನಮ್ಮ ಕಿವಿಗೆ ಹೊಸದಾಗಿರಲಿಲ್ಲ. ಅದು ಯಾವಾಗಲೂ ಹಾಡಿನ ಹಿಂದೆ ನಿಂತಿತ್ತು, ಮುಂದೆ ಬಂದಿರಲಿಲ್ಲ ಅಷ್ಟೇ. ಹವಾಯಿಯನ್ ಗಿಟಾರು, ತೊಡೆಯ ಮೇಲೆ ಮಲಗಿಸಿ ತಂತಿಯ ಮೇಲೆ ಉಕ್ಕಿನ ತುಂಡು ಜಾರಿಸುವ ಬಗೆಯದ್ದು, ನಮ್ಮ ದೇಶಕ್ಕೆ ಬಂದು ಬಹಳ ಕಾಲವಾಯಿತು. ವ್ಯಾನ್ ಶಿಪ್ಲಿ ಹಿಂದಿ ಚಿತ್ರಗೀತೆಗಳನ್ನು ಎಲೆಕ್ಟ್ರಿಕ್ ಗಿಟಾರಿನಲ್ಲಿ ನುಡಿಸಿದ ತಟ್ಟೆಗಳು ಹೆಸರುವಾಸಿ. ರೇಡಿಯೊದಲ್ಲಿ ವಾರ್ತೆಗೆ ಮೊದಲು ಒಂದೆರಡು ನಿಮಿಷ ಉಳಿದರೆ ಅಂಥದ್ದನ್ನೇ ಹಾಕುತ್ತಿದ್ದರು. ಎಷ್ಟೋ ಜನ ಗಿಟಾರಿನ ಜಾರುಸ್ವರವನ್ನು ಮೊದಲು ಕೇಳಿದ್ದು ಆ ಬಿಡುವಿನಲ್ಲಿ, ಅದರ ಹೆಸರೂ ತಿಳಿಯದೆ. 1981ರಲ್ಲಿ ಶಂಕರ್ ನಾಗ್‌ರ ‘ಗೀತಾ’ ಬಂದಾಗ ಇಳಯರಾಜರ ಗಿಟಾರು ಕಾಲೇಜು ಹುಡುಗರನ್ನೆಲ್ಲ ಹಿಡಿಯಿತು. ಹಾಡಿನ ಮಾತು ಬಿಟ್ಟು ಮಧ್ಯದ ವಾದ್ಯದ ತುಂಡನ್ನಷ್ಟೇ ಹಿಂದಕ್ಕೆ ಸುತ್ತಿ ಕೇಳುವ ಹುಡುಗರನ್ನು ನಾನು ಮೊದಲು ಕಂಡದ್ದು ಆಗ.

ತೊಂಬತ್ತರ ದಶಕದ ನಡುವಿಗೆ ಬೆಂಗಳೂರಿಗೆ, ಅಲ್ಲಿಂದ ಹೊರದೇಶಕ್ಕೆ ಹೋದ ಮಕ್ಕಳು ಮಳೆಗಾಲದ ರಜೆಗೆ ಬರುವಾಗ ಬೇರೆ ಬೇರೆ ಕ್ಯಾಸೆಟ್ಟು ತರತೊಡಗಿದರು. ಹೀಗೆ ಬ್ಲೂಸ್ ನನ್ನ ಅಂಗಡಿಗೆ ಬಂತು. ಕೇಳಿದ ಮೇಲೆ ಅದರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಅಮೆರಿಕದ ದಕ್ಷಿಣದಲ್ಲಿ ಮಿಸಿಸಿಪಿಯ ಹತ್ತಿ ಹೊಲಗಳು. ಗುಲಾಮಗಿರಿ ಕಾನೂನಿನಲ್ಲಿ ಹೋದರೂ ಸಾಲದಲ್ಲಿ, ಗೇಣಿಯಲ್ಲಿ ಕಟ್ಟುಬಿದ್ದ ಕರಿಯ ಜನ. ಹೊಲದಲ್ಲಿ ಒಬ್ಬ ಎತ್ತಿಕೊಟ್ಟರೆ ಉಳಿದವರು ತಿರುಗಿ ಹಾಡುವ ಕ್ರಮ ಅಲ್ಲೂ ಇತ್ತು. 1903ರ ಸುಮಾರಿಗೆ ಡಬ್ಲ್ಯು.ಸಿ. ಹ್ಯಾಂಡಿ ಎಂಬ ವಾದ್ಯಗಾರ ಟಟ್ವಿಲರ್ ಎಂಬ ಸಣ್ಣ ರೈಲು ನಿಲ್ದಾಣದಲ್ಲಿ, ಹರಕು ಬಟ್ಟೆಯ ಒಬ್ಬ ಗಿಟಾರಿನ ತಂತಿಗೆ ಚಾಕು ಒತ್ತಿ ನುಡಿಸುತ್ತ ಹಾಡುವುದನ್ನು ಕೇಳಿ ಬೆರಗಾದದ್ದನ್ನು ಬರೆದಿಟ್ಟಿದ್ದಾನೆ. ಆ ಹಾಡುಗಾರನ ಹೆಸರು ಯಾರಿಗೂ ತಿಳಿಯದು. ಕೇಳಿದವನು ಬರೆದಿಟ್ಟದ್ದರಿಂದ ನಮಗೆ ಅವನು ಉಳಿದಿದ್ದಾನೆ. 1920ರಲ್ಲಿ ಮೇಮಿ ಸ್ಮಿತ್ ಎಂಬಾಕೆಯ ತಟ್ಟೆ ಹೊರಬಂದು ಬಿಸಿಬಿಸಿ ಮಾರಾಟವಾದ ಮೇಲೆ ಕಂಪನಿಗಳಿಗೆ ಕಣ್ಣು ಬಿಟ್ಟಿತು, ಈ ಹಾಡಿಗೂ ಕೊಳ್ಳುವವರಿದ್ದಾರೆ ಎಂದು. ಅದನ್ನು ಸಾಧಿಸಿದ್ದೂ ಕೇಳುಗರೇ, ಬಡ ಕರಿಯ ಕುಟುಂಬಗಳು ತಮ್ಮ ಕಾಸು ಕೊಟ್ಟು. ರಾಬರ್ಟ್ ಜಾನ್ಸನ್ 1936, 37ರಲ್ಲಿ 29 ಹಾಡು ಮುದ್ರಿಸಿ 1938ರಲ್ಲಿ 27ನೇ ವಯಸ್ಸಿಗೆ ತೀರಿಹೋದ. ಅದನ್ನು ಓದುವಾಗ ನನಗೆ ನಾವಡರ ನೆನಪಾಗದೆ ಇರಲಿಲ್ಲ.

ಬಿ.ಬಿ. ಕಿಂಗ್ ಕೂಡ ಹತ್ತಿ ಬಿಡಿಸಿ ಬೆಳೆದವನು, ಆಮೇಲೆ ಮೆಂಫಿಸ್ ಊರಿನ ರೇಡಿಯೊ ಕೇಂದ್ರದಲ್ಲಿ ಹಾಡು ಹಾಕುವ ಉದ್ಘೋಷಕನಾಗಿದ್ದವನು. 1964ರಲ್ಲಿ ಷಿಕಾಗೋದ ರೀಗಲ್ ಥಿಯೇಟರಿನಲ್ಲಿ ಅವನು ನುಡಿಸಿದ ಕಛೇರಿಯ ಮುದ್ರಣವನ್ನು ಒಬ್ಬ ಹುಡುಗ ತಂದಿದ್ದ. ನನ್ನನ್ನು ಹಿಡಿದದ್ದು ಗಿಟಾರಿನಷ್ಟೇ ಅದರಲ್ಲಿ ಕೇಳುವ ಜನ. ಅವನು ಒಂದು ಸ್ವರ ಎಳೆಯುವುದೇ ತಡ ಸಭೆ ಕೂಗುತ್ತದೆ, ಉತ್ತರ ಕೊಡುತ್ತದೆ, ಅವನು ಆ ಉತ್ತರವನ್ನು ಎತ್ತಿಕೊಂಡು ಮುಂದೆ ಹೋಗುತ್ತಾನೆ. ನಮ್ಮ ತಾಳಮದ್ದಲೆಯ ಸಭೆ ಸುಮ್ಮನೆ ಕೂತು ಮೆಚ್ಚುತ್ತದೆ, ಅಲ್ಲಿನ ಸಭೆ ಕೂಗಿ ಮೆಚ್ಚುತ್ತದೆ. ಎರಡರಲ್ಲೂ ಕಲಾವಿದ ಸಭೆಯ ಕಿವಿಯನ್ನು ನಂಬಿ ನಡೆಯುತ್ತಾನೆ.

ಆದರೆ ನಮ್ಮ ಹಿರಿಯರನ್ನೂ ಕೂಡಿಸಿಕೊಂಡು ಕೇಳುವಂತೆ ಮಾಡಿದ್ದು ಇನ್ನೊಂದು. 1993ರಲ್ಲಿ ಬಂದ ‘ಎ ಮೀಟಿಂಗ್ ಬೈ ದ ರಿವರ್’. ಜೈಪುರದ ವಿಶ್ವಮೋಹನ ಭಟ್ಟರು, ಅಮೆರಿಕದ ರೈ ಕೂಡರ್. ಭಟ್ಟರು ಗಿಟಾರಿಗೆ ತರಬಿನ ತಂತಿಗಳನ್ನು ಸೇರಿಸಿ, ಒಟ್ಟು 20 ತಂತಿಯ ಮೋಹನವೀಣೆ ಮಾಡಿಕೊಂಡವರು. ಕೂಡರ್ ಬೆರಳಿಗೆ ಗಾಜಿನ ಕೊಳವೆ ತೊಟ್ಟು ಬ್ಲೂಸಿನ ಜಾರುಗಿಟಾರು ನುಡಿಸುವವನು. ಕ್ಯಾಲಿಫೋರ್ನಿಯದ ಸಾಂಟಾ ಬಾರ್ಬರಾದ ಒಂದು ಪ್ರಾರ್ಥನಾಮಂದಿರದಲ್ಲಿ ಕೂತು ನುಡಿಸಿದರು, ಮುದ್ರಣಕ್ಕೆ ಕೊಂಚ ಹೊತ್ತಿನ ಮುಂಚೆಯಷ್ಟೇ ಇಬ್ಬರ ಮೊದಲ ಭೇಟಿ. ತಬಲಾದಲ್ಲಿ ಸುಖವಿಂದರ್ ಸಿಂಗ್ ನಾಮಧಾರಿ, ಜೊತೆಗೆ ಸಣ್ಣ ಡೋಲು ಹಿಡಿದು ಕೂಡರನ ಮಗ, ಇನ್ನೂ ಹುಡುಗ. ನಾಲ್ಕೇ ನಾಲ್ಕು ನುಡಿಸಾಣಿಕೆ. 1994ರಲ್ಲಿ ಅದಕ್ಕೆ ಗ್ರ್ಯಾಮಿ ಬಂತು.

ಆಷಾಢದ ಒಂದು ಮಧ್ಯಾಹ್ನ, ಕರೆಂಟು ಹೋಗಿ ಬ್ಯಾಟರಿಯ ಮೇಲೆ ಅದನ್ನು ಹಾಕಿದ್ದೆ. ಮೇಳಗಳಲ್ಲಿ ಬಹಳ ವರ್ಷ ಮದ್ದಲೆ ಬಾರಿಸಿ ನಿವೃತ್ತರಾದ ಹಿರಿಯರೊಬ್ಬರು ಟ್ರಾನ್ಸಿಸ್ಟರಿನ ದಾರ ಕಟ್ಟಿಸಲು ಬಂದು ಬೆಂಚಿನ ಮೇಲೆ ಕೂತಿದ್ದರು. ಮಳೆ ನಿಂತಿರಲಿಲ್ಲ, ಅವರೂ ಏಳಲಿಲ್ಲ. ಮೊದಲು ಅವರ ಬೆರಳು ಮಂಡಿಯ ಮೇಲೆ ತಾಳ ಹುಡುಕಿತು, ಸಿಕ್ಕಿತು. ಆಮೇಲೆ ಗಿಟಾರಿನ ಕಡೆ ತಿರುಗಿದರು. ಎರಡು ಗಿಟಾರು ಎಂದು ನಾನು ಹೇಳುವ ಮೊದಲೇ ಹೇಳಿದರು: “ಇಬ್ರು ಇದಾರೆ. ಒಬ್ಬ ಓಡ್ತಾನೆ, ಒಬ್ಬ ಕಾಯ್ತಾನೆ.”

“ಕಾಯೋನು ಅಮೆರಿಕದವ್ನು, ಭಾಗವತ್ರೆ.” ಎಲ್ಲರೂ ಅವರನ್ನು ಹಾಗೇ ಕರೆಯುತ್ತಿದ್ದರು, ಮದ್ದಲೆಯವರಾದರೂ.

“ಯಾವ ದೇಶದವ್ನಾದ್ರೆ ಎಂತ. ಅವ್ನಿಗೆ ಶ್ರುತಿ ಮೇಲೆ ಕೂರಲಿಕ್ಕೆ ಅವಸರ ಇಲ್ಲ, ನೋಡು. ಕೆಳಗಿಂದ ಬರ್ತಾನೆ, ಹತ್ರ ಬಂದು ನಿಲ್ತಾನೆ, ಆಮೇಲೆ ಕೂರ್ತಾನೆ. ಕರುಣರಸದ ಪದಕ್ಕೆ ಹಾಗೇ ಹೋಗ್ಬೇಕು. ಈಗಿನ ಹುಡುಗ್ರು ಹಾರಿ ಕೂರ್ತಾರೆ.”

ಬ್ಲೂಸ್ ಗಿಟಾರಿನ ಮರ್ಮವನ್ನು ಇದಕ್ಕಿಂತ ಸರಿಯಾಗಿ ಹೇಳಿದ್ದನ್ನು ನಾನು ಎಲ್ಲೂ ಓದಿಲ್ಲ. ಸ್ವರಕ್ಕೂ ಸ್ವರಕ್ಕೂ ನಡುವಿನ ಜಾಗದಲ್ಲೇ ಅದರ ನೋವು ಇರುವುದು. ಪಿಯಾನೊದ ಮನೆಗಳಲ್ಲಿ ಸಿಗದ ಆ ಜಾಗಕ್ಕೆ ತಂತಿ ಎಳೆದೋ ಗಾಜು ಜಾರಿಸಿಯೋ ಹೋಗಬೇಕು. ನಮ್ಮ ವೀಣೆಯವರಿಗೆ ಅದು ಹಳೆಯ ವಿದ್ಯೆ, ಭಾಗವತರಿಗೆ ಕಂಠದ ವಿದ್ಯೆ. ಹಾಗಾಗಿ ಅಮೆರಿಕದ ಬಗ್ಗೆ ಏನೂ ತಿಳಿಯದ ಒಬ್ಬ ಮುದುಕರು ಅರ್ಧ ಗಂಟೆಯಲ್ಲಿ ಆ ನುಡಿಸಾಣಿಕೆಯ ಒಳಗೆ ಹೋಗಿ ಕೂತರು.

ಅವರಿಂದ ಸುದ್ದಿ ಹೋಯಿತು. ಮೇಗರವಳ್ಳಿಯ ಒಬ್ಬ ಮೇಷ್ಟರು ಬಂದರು, ಘಟ್ಟದ ಬಸ್ಸಿನ ಡ್ರೈವರೊಬ್ಬರು ಬಂದರು. ಸೋಮೇಶ್ವರದ ಹದಿನಾಲ್ಕು ತಿರುವಿನಲ್ಲಿ ಮಂಜು ಕವಿದಾಗ ಹಾಡಿನ ಮಾತು ಬೇಡ, ಇಂಥದ್ದಿದ್ದರೆ ಕೈ ಹಗುರಾಗುತ್ತದೆ ಎಂದು ಆ ಡ್ರೈವರ ಮಾತು. ಹೆಗ್ಗೋಡಿನ ನೀನಾಸಮ್ ಶಿಬಿರಕ್ಕೆ ಹೋಗಿಬಂದ ಹುಡುಗರು ಬಂದರು. 1949ರಲ್ಲಿ ಶುರುವಾದ ಆ ಸಂಸ್ಥೆಯಿಂದ ಕೆ.ವಿ. ಸುಬ್ಬಣ್ಣನವರು ಹಳ್ಳಿಯ ಜನಕ್ಕೆ ಜಗತ್ತಿನ ಸಿನಿಮಾ ತೋರಿಸಿ, ಕೂತು ನೋಡುವುದನ್ನೂ ಮಾತಾಡುವುದನ್ನೂ ಕಲಿಸಿದ್ದರು. ಆ ಹುಡುಗರು ಮಾತ್ರ ಕೇಳಿದ ಮೇಲೆ ಚರ್ಚೆ ಮಾಡುತ್ತಿದ್ದರು. ಉಳಿದವರು ಕೇಳಿ, “ಇದನ್ನೊಂದು ತುಂಬ್ಸಿ” ಎಂದು ಖಾಲಿ ಕ್ಯಾಸೆಟ್ಟು ಇಟ್ಟು ಹೋಗುತ್ತಿದ್ದರು. ಮೆಚ್ಚುಗೆ ಅಷ್ಟೇ ಮಾತಿನಲ್ಲಿ.

2008ರಲ್ಲಿ ರಘು ದೀಕ್ಷಿತ್ ಶರೀಫರ ಗುಡುಗುಡಿಯ ಪದವನ್ನು ಗಿಟಾರಿನೊಂದಿಗೆ ಹಾಡಿದಾಗ ನನ್ನ ಅಂಗಡಿಯಲ್ಲಿ ಕ್ಯಾಸೆಟ್ಟಿನ ಕೆಲಸ ಮುಗಿದಿತ್ತು, ಮೊಬೈಲಿಗೆ ಕರೆನ್ಸಿ ಹಾಕುವುದು ಶುರುವಾಗಿತ್ತು. ಹುಡುಗರು ಫೋನಿನಲ್ಲಿ ಅದನ್ನು ತಂದು ಕೇಳಿಸಿದರು. ಹಿರಿಯರಲ್ಲಿ ಕೆಲವರು ಮುಖ ಗಂಟಿಕ್ಕಿದರು. ನನಗೆ ಅದು ಸರಿಯಾದ ಮನೆಗೆ ಬಂದ ಗಿಟಾರು ಎನಿಸಿತು, ಈಗಲೂ ಹಾಗೇ ಎನಿಸುತ್ತದೆ. 2022ರ ಆಗಸ್ಟಿನಲ್ಲಿ ಶಿವಮೊಗ್ಗ ಸುಬ್ಬಣ್ಣನವರು ತೀರಿಕೊಂಡ ವಾರ, ಹಳೆಯ ಗಿರಾಕಿಗಳು ಅಟ್ಟದಿಂದ ಕ್ಯಾಸೆಟ್ಟು ಇಳಿಸಿಕೊಂಡು ನನ್ನ ಮನೆ ಹುಡುಕಿ ಬಂದರು, ಫೋನಿಗೆ ಏರಿಸಿಕೊಡಿ ಎಂದು. ಆ ಹಾಡುಗಳೆಲ್ಲ ಫೋನಿನಲ್ಲಿ ಸಿಗುತ್ತವೆ ಎಂದರೆ, ತಮ್ಮ ಪಟ್ಟಿಯ ಕ್ರಮದಲ್ಲೇ ಬೇಕು ಎಂದರು. ಒಂದು ಹಳೆಯ ಡೆಕ್ಕು ಇನ್ನೂ ಓಡುತ್ತದೆ, ಬೆಲ್ಟು ಹೊಸದು ಹಾಕಿ ಆ ಕೆಲಸ ಮಾಡಿಕೊಟ್ಟೆ.

ಹಾಗೆ ಬಂದ ರಾಶಿಯಲ್ಲಿ ಆ ಎರಡು ಗಿಟಾರಿನ ಕ್ಯಾಸೆಟ್ಟಿನ ಪ್ರತಿಗಳೂ ಇದ್ದವು. ನಾಲ್ಕರಲ್ಲಿ ಮೂರನೆಯದರ ಹೆಸರಿನಲ್ಲೇ ಗಂಗೆಯೂ ಬ್ಲೂಸೂ ಇವೆ, ಜಗತ್ತು ಹೆಚ್ಚು ಮೆಚ್ಚಿದ್ದು ಬಹುಶಃ ಅದನ್ನೇ ಇರಬೇಕು ಎಂದುಕೊಂಡಿದ್ದೆ. ಟೇಪು ಬೇರೆ ಹೇಳಿತು. ಪ್ರತಿಯೊಂದರಲ್ಲೂ ಸವೆದದ್ದು ಕೊನೆಯದು, ‘ಈಸಾ ಲೇಯಿ’. ಅದು ಫಿಜಿ ದ್ವೀಪದ ಹಾಡು, ಊರು ಬಿಟ್ಟು ಹೊರಟವರನ್ನು ಕಳಿಸಿಕೊಡುವಾಗ ಹಾಡುವುದಂತೆ. ಕ್ಯಾಸೆಟ್ಟು ತುಂಬಿಕೊಡುವಾಗ ನನಗೂ ಅದು ಗೊತ್ತಿರಲಿಲ್ಲ, ತುಂಬಿಸಿಕೊಂಡವರಿಗೂ ಗೊತ್ತಿರಲಿಲ್ಲ. ಅವರಲ್ಲಿ ಒಬ್ಬರಿಗೆ ಹೋದ ತಿಂಗಳು ಹೇಳಿದೆ. ಶರಾವತಿಯ ಮುಳುಗಡೆಯಲ್ಲಿ ಊರು ಕಳೆದುಕೊಂಡು, ಹೊಸನಗರದ ಕಡೆಯಿಂದ ಬಂದು ಇಲ್ಲಿ ನೆಲೆಸಿದ ಮನೆಯವರು. ಸ್ವಲ್ಪ ಹೊತ್ತು ಯೋಚಿಸಿ, “ಹಾಗಿದ್ರೆ ಅದೊಂದನ್ನ ಮೊದ್ಲಿಗೆ ಹಾಕಿ” ಎಂದರು. ಹಾಕಿಕೊಟ್ಟೆ.